ಊರಾಚೆಯ ಈದ್ಗಾಹ್ ಊರೊಳಗೆ ಬಂದ ಕಥೆ
ಹಳೆಯ ನಕ್ಷೆಗಳಲ್ಲಿ ಬೆಂಗಳೂರಿನ ಬೆಳವಣಿಗೆ

ಭೂಮಿ ಅಲ್ಲಾಹನದು, ಮನುಷ್ಯನು ಅದರ ಮೇಲೆ ಪ್ರತಿನಿಧಿ ಮಾತ್ರ ಎಂಬ ಮಾತನ್ನು ನಾವು ಜುಮುಅ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ನೆರೆಯವನ ಹಕ್ಕು, ನೀರಿನ ಮಿತಬಳಕೆ, ಅಮಾನತ್ತಿನ ರಕ್ಷಣೆ, ಪರರ ನೆಲವನ್ನು ಅನ್ಯಾಯವಾಗಿ ಕಬಳಿಸುವುದರ ಘೋರ ಶಿಕ್ಷೆ ಇವೂ ಮಿಂಬರಿನಿಂದ ನಾವು ಆಲಿಸುವ ವಿಷಯಗಳೇ. ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಅಂತ್ಯವೇನಾಯಿತೆಂದು ನೋಡಿರೆಂದು ಪವಿತ್ರ ಕುರ್‌ಆನ್ ಮನುಷ್ಯನನ್ನು ಹಲವು ಕಡೆ ಕರೆಯುತ್ತದೆ. ಆದರೆ ಮನೆ ಮೇಲೆ ಮನೆ ಕಟ್ಟಿಕೊಂಡು, ಕಾಂಕ್ರೀಟಿನ ಮೇಲೆ ನಡೆಯುವ ನಗರವಾಸಿಗೆ ಕಾಲಡಿಯ ನೆಲದ ಹಿಂದಿನ ಕಥೆ ಕಾಣುವುದು ಹೇಗೆ?

ಅದಕ್ಕೆ ಒಂದು ದಾರಿ ಹಳೆಯ ನಕ್ಷೆಗಳು. ರಾಜರ ಯುದ್ಧ, ಗೆಲುವು, ಸೋಲುಗಳನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಒಂದು ಹಳ್ಳಿಯ ಕೆರೆ ಎಲ್ಲಿತ್ತು, ತೋಪು ಎಲ್ಲಿತ್ತು, ಬಾವಿ ಎಲ್ಲಿತ್ತು, ಸತ್ತವರನ್ನು ಎಲ್ಲಿ ದಫನ್ ಮಾಡುತ್ತಿದ್ದರು ಎಂಬುದನ್ನು ಹೇಳುವುದು ನಕ್ಷೆ. ನಮ್ಮ ರಾಜಧಾನಿ ಬೆಂಗಳೂರು ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡ ಕಥೆಯನ್ನು ನಾವು ಈ ಬಾರಿ ಸ್ಥಳಾಕೃತಿ ನಕ್ಷೆಗಳ ಮೂಲಕ ಓದೋಣ. ರಾಜ್ಯದ ಬಹುತೇಕ ಎಲ್ಲ ಊರುಗಳ ಮುಸ್ಲಿಮ್ ಕುಟುಂಬಗಳಿಗೂ ಬೆಂಗಳೂರಿನ ನಂಟಿದೆ. ಮಗನ ಕೆಲಸ, ಮಗಳ ಓದು, ಅಣ್ಣನ ಅಂಗಡಿ, ಏನಾದರೊಂದು ನಮ್ಮನ್ನು ಅಲ್ಲಿಗೆ ಕರೆದೊಯ್ದಿದೆ. ಅಲ್ಲಿ ನಡೆದದ್ದು ನಾಳೆ ಮಂಗಳೂರಿನಲ್ಲಿ, ಕಲಬುರಗಿಯಲ್ಲಿ, ದಾವಣಗೆರೆಯಲ್ಲಿ ನಡೆಯಲಿದೆ, ಈಗಾಗಲೇ ನಡೆಯುತ್ತಲೂ ಇದೆ.

ಭೂಮಿಯನ್ನು ಅಳೆದವರು

ಭೂಮಿಯನ್ನು ಅಳೆಯುವ ವಿದ್ಯೆ ಮುಸ್ಲಿಮರಿಗೆ ಹೊಸದಲ್ಲ. ಖಿಬ್ಲಾದ ದಿಕ್ಕು ತಿಳಿಯಬೇಕು, ನಮಾಝಿನ ಸಮಯ ತಿಳಿಯಬೇಕು ಎಂಬ ಅಗತ್ಯವೇ ವಿದ್ವಾಂಸರನ್ನು ಭೂಗೋಳದ ಕಡೆಗೆ ಎಳೆಯಿತು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಖಲೀಫ ಮಾಮೂನರ ಆದೇಶದಂತೆ ಖಗೋಳ ತಜ್ಞರು ಸಿಂಜಾರ್ ಬಯಲಿನಲ್ಲಿ ಹಗ್ಗ ಹಿಡಿದು ನಡೆದು, ಭೂಮಿಯ ಒಂದು ಡಿಗ್ರಿಯ ಉದ್ದ ಎಷ್ಟೆಂದು ಅಳೆದರು. ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿಯವರು ಪಂಜಾಬಿನ ನಂದನ ಕೋಟೆಯ ಬಳಿ ಬೆಟ್ಟದ ಎತ್ತರವನ್ನೂ ದಿಗಂತದ ಇಳಿತವನ್ನೂ ಅಳೆದು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದರು. 1154ರಲ್ಲಿ ಅಲ್ ಇದ್ರೀಸಿಯವರು ಸಿಸಿಲಿಯ ದೊರೆ ಎರಡನೆಯ ರೋಜರನಿಗಾಗಿ ಲೋಕದ ನಕ್ಷೆಯನ್ನು ಸಿದ್ಧಪಡಿಸಿದರು. ಅದರಲ್ಲಿ ದಕ್ಷಿಣ ದಿಕ್ಕು ಮೇಲ್ಗಡೆ ಇತ್ತು.

ನಮ್ಮ ನಾಡಿನಲ್ಲಿ ಆಧುನಿಕ ಅಳತೆ ಆರಂಭವಾದದ್ದು ಒಂದು ದುಃಖದ ಘಟನೆಯ ಬೆನ್ನಿಗೇ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಶಹೀದರಾದರು. ಗೆದ್ದ ರಾಜ್ಯದಲ್ಲಿ ಏನೇನಿದೆ ಎಂದು ಕಂಪನಿ ಸರಕಾರಕ್ಕೆ ತಿಳಿಯಬೇಕಿತ್ತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಇಳಿದರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವರೂ ಅವರೇ. ಅದೇ ಹೊತ್ತಿಗೆ, ಶ್ರೀರಂಗಪಟ್ಟಣದ ಯುದ್ಧದಲ್ಲಿ ಭಾಗಿಯಾಗಿದ್ದ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದರು. 1802ರಲ್ಲಿ ಮದರಾಸಿನಲ್ಲಿ ಅವರು ಆರಂಭಿಸಿದ ತ್ರಿಕೋನ ಮಾಪನ ಮುಂದೆ ಹಿಮಾಲಯದವರೆಗೆ ಹೋಯಿತು. ಸಾವಿರ ವರ್ಷಗಳ ಹಿಂದೆ ಮಾಮೂನರ ತಜ್ಞರು ಸಿಂಜಾರಿನಲ್ಲಿ ಕೇಳಿದ ಪ್ರಶ್ನೆಗೇ, ಅಂದರೆ ಒಂದು ಡಿಗ್ರಿಯ ಉದ್ದ ಎಷ್ಟೆಂಬುದಕ್ಕೇ, ಇವರೂ ಉತ್ತರ ಹುಡುಕುತ್ತಿದ್ದರು.

ಈ ಕೆಲಸದಲ್ಲಿ ದೊರೆಗಳ ಹೆಸರು ಉಳಿಯಿತು. ಸರಪಳಿ ಎಳೆದ, ಬೆಟ್ಟದ ತುದಿಗೆ ಬಾವುಟ ಹೊತ್ತ, ಭಾರದ ಥಿಯೊಡೊಲೈಟ್ ಸಾಗಿಸಿದ ಖಲಾಸಿಗಳ ಹೆಸರು ಉಳಿಯಲಿಲ್ಲ. ಆದರೂ ಒಂದು ಹೆಸರನ್ನು ನಾವು ನೆನೆಯಬೇಕು. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಅವರು ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಉಪಕರಣಗಳ ಕುಶಲಕರ್ಮಿ. ಜಾರ್ಜ್ ಎವರೆಸ್ಟ್ ಅವರ ಕಾಲದಲ್ಲಿ ಆ ಸೂಕ್ಷ್ಮ ಯಂತ್ರಗಳನ್ನು ರಿಪೇರಿ ಮಾಡಿ, ಹೊಸದರಂತೆ ನಿಲ್ಲಿಸಿದವರು ಅವರು. 1843ರಲ್ಲಿ ಅವರು ಗಣಿತೋಪಕರಣ ತಯಾರಕರ ಹುದ್ದೆಗೇರಿದರು.

ನಕ್ಷೆಯ ಭಾಷೆ

ಸ್ಥಳಾಕೃತಿ ನಕ್ಷೆ ಎಂದರೆ ನೆಲದ ಏರಿಳಿತ, ನೀರು, ದಾರಿ, ಊರು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಅಳತೆಗೆ ತಕ್ಕಂತೆ ತೋರಿಸುವ ನಕ್ಷೆ. ಸರ್ವೆ ಆಫ್ ಇಂಡಿಯಾ ಇಲಾಖೆ 1905ರ ನಂತರ ಇಡೀ ದೇಶಕ್ಕೆ ಹೊಸ ಬಣ್ಣದ ಹಾಳೆಗಳನ್ನು ತಯಾರಿಸಲು ಹೊರಟಿತು. ನೆಲದ ಮೇಲಿನ ಒಂದು ಮೈಲಿಗೆ ಹಾಳೆಯ ಮೇಲೆ ಒಂದು ಅಂಗುಲ ಎಂಬುದು ಆಗಿನ ಪ್ರಮಾಣ. ಮೆಟ್ರಿಕ್ ಪದ್ಧತಿ ಬಂದ ಮೇಲೆ ಅದು 1:50,000 ಆಯಿತು, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್.

ಇದರ ಭಾಷೆ ಸರಳ. ನೀಲಿ ನೀರು, ಹಳದಿ ಸಾಗುವಳಿ ಭೂಮಿ, ಹಸಿರು ಮರಗಿಡ, ಕೆಂಪು ಮನೆಗಳು, ಕಂದು ಸಮೋನ್ನತ ರೇಖೆಗಳು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಬಯಲು. ಕೆರೆಯ ಏರಿ, ಬಾವಿ, ಗಾಡಿ ದಾರಿ, ಅಂಚೆ ಕಚೇರಿ, ಪೊಲೀಸ್ ಠಾಣೆ ಎಲ್ಲಕ್ಕೂ ಗುರುತುಗಳಿವೆ.

ಪ್ರತಿ ಹಾಳೆಯ ಅಂಚಿನಲ್ಲಿ ಗುರುತುಗಳ ಪಟ್ಟಿ ಇರುತ್ತದೆ. ಅದರ ಒಂದು ಸಾಲು ನಮ್ಮ ಗಮನ ಸೆಳೆಯಬೇಕು. ದೇವಸ್ಥಾನ, ಛತ್ರಿ, ಚರ್ಚು, ಮಸೀದಿ, ಈದ್ಗಾಹ್, ಗೋರಿ, ಸಮಾಧಿಗಳು ಎಲ್ಲವೂ ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿರುತ್ತವೆ. ಈದ್ಗಾಹಿಗೆ ಮಸೀದಿಯಿಂದ ಬೇರೆಯದೇ ಆದ ಗುರುತು ಇರುವುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೇವೆ? ಬಯಲಿನ ನಡುವೆ ನಿಂತ ಒಂದು ಗೋಡೆಯೂ ದಾರಿಹೋಕನಿಗೆ ದಿಕ್ಕು ತೋರುವ ಗುರುತು ಎಂದು ಸರ್ವೆಯವರು ಬರೆದುಕೊಂಡರು. ಅವರಿಗದು ಬರೇ ದಾರಿಯ ಗುರುತು. ಅವರ ಶ್ರದ್ಧೆಯಿಂದ ನಮಗೆ ಮಾತ್ರ ಒಂದು ಸಾಕ್ಷ್ಯ ಉಳಿಯಿತು.

ಕೋಟೆ, ಪೇಟೆ, ದಂಡು

ಬೆಂಗಳೂರು ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಅದನ್ನು ಹಂಚಿಕೊಂಡಿರುವ ಹಾಳೆಗಳಲ್ಲಿ ಮುಖ್ಯವಾದವು ಎರಡು. ಉತ್ತರ ಭಾಗ 57 ಜಿ/12ರಲ್ಲಿದ್ದರೆ, ದಕ್ಷಿಣ ಭಾಗ 57 ಎಚ್/9ರಲ್ಲಿದೆ. ಹದಿಮೂರನೆಯ ಅಕ್ಷಾಂಶ ರೇಖೆ ಎರಡರ ನಡುವಿನ ಗಡಿ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನರ ಕೈಗೆ, 1687ರಲ್ಲಿ ಮೊಘಲ್ ಸೇನಾಪತಿ ಖಾಸಿಮ್ ಖಾನರ ಕೈಗೆ ಬಂತು. ಅದಾದ ಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಹಣ ಕೊಟ್ಟು ಪಡೆದರು. ಹೈದರಲಿಯವರು 1760ರ ಸುಮಾರಿಗೆ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ, ಊರ ಹೊರಗೆ ಲಾಲ್‌ಬಾಗ್ ತೋಟ ಮಾಡಿದರು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರನ್ನು ಹಿಡಿದಾಗ ಇಂಗ್ಲಿಷರು ಬರೆದ ಮುತ್ತಿಗೆಯ ನಕ್ಷೆಗಳಲ್ಲಿ ಊರು ಎಷ್ಟಿತ್ತೆಂಬುದು ಸ್ಪಷ್ಟ. ದಕ್ಷಿಣಕ್ಕೆ ಮೊಟ್ಟೆಯಾಕಾರದ ಕೋಟೆ, ಉತ್ತರಕ್ಕೆ ಕಂದಕ ಮತ್ತು ಮುಳ್ಳುಬೇಲಿ ಸುತ್ತಿದ ಪೇಟೆ. ಅಷ್ಟೇ ಬೆಂಗಳೂರು. ಅವೆನ್ಯೂ ರಸ್ತೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದವರು ಆ ಊರನ್ನು ಹೆಚ್ಚುಕಡಿಮೆ ದಾಟಿದಂತೆ.

1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಇಂಗ್ಲಿಷ್ ಸೇನೆ ಹಲಸೂರಿನ ಬಳಿ ದಂಡು ಸ್ಥಾಪಿಸಿತು. ಅಂದಿನಿಂದ ನಕ್ಷೆಯಲ್ಲಿ ಎರಡು ಊರುಗಳು ಕಾಣುತ್ತವೆ. ಒಂದು ಪೇಟೆ, ಇನ್ನೊಂದು ದಂಡು. ನಡುವೆ ಹೊಲ, ತೋಪು, ಸಂಪಂಗಿ ಕೆರೆ. ದಂಡಿನ ಜತೆಗೆ ತಮಿಳು ಸೀಮೆಯ ವ್ಯಾಪಾರಿಗಳು, ದಖನಿ ಮಾತಾಡುವ ಸಿಪಾಯಿ ಕುಟುಂಬಗಳು, ಕಚ್ಛಿ ಮೆಮನ್ ವರ್ತಕರು ಬಂದರು. ಪೇಟೆಯ ಮುಸ್ಲಿಮರೂ ದಂಡಿನ ಮುಸ್ಲಿಮರೂ ಎರಡು ಆಡಳಿತಗಳ ಕೆಳಗೆ ಬದುಕಿದರು. ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಪ್ಲೇಗು ಬರೆದ ಬಡಾವಣೆಗಳು

ಊರು ಗೋಡೆ ದಾಟಿ ಹೊರಗೆ ಬರಲು ಮುಖ್ಯ ಕಾರಣ ರೋಗ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತ್ತು. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಿನ ಪೇಟೆಯಲ್ಲಿ ಜನ ಸಾಯತೊಡಗಿದರು. ಗಾಳಿ ಬೆಳಕು ಬರುವ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳು ಆಗ ಬೆಳೆದವು. ದಂಡಿನ ಕಡೆ ಫ್ರೇಜರ್ ಟೌನ್ ಬಂತು. ಅಲ್ಲಿನ ಮಾಸ್ಕ್ ರಸ್ತೆಗೆ ಆ ಹೆಸರು ಬರಲು ಕಾರಣವಾದ ಮಸೀದಿ ಕಚ್ಛಿ ಮೆಮನ್ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರನ್ನು ಇಂದಿಗೂ ಹೊತ್ತಿದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಒಂದಂಗುಲದ ಹಾಳೆಯನ್ನು ಬಿಡಿಸಿ ನೋಡಿದರೆ ಇಂದಿನವರಿಗೆ ನಂಬುವುದು ಕಷ್ಟ. ಕೋರಮಂಗಲ, ಮಡಿವಾಳ, ದೊಮ್ಮಲೂರು, ಬಿನ್ನಮಂಗಲ, ಹೆಬ್ಬಾಳ, ನಾಗವಾರ, ಕಾಡುಗೊಂಡನಹಳ್ಳಿ, ದೇವರ ಜೀವನಹಳ್ಳಿ ಎಲ್ಲವೂ ಹೊಲಗಳ ನಡುವಿನ ಪುಟ್ಟ ಹಳ್ಳಿಗಳು. ಪ್ರತಿ ಹಳ್ಳಿಯ ಪಕ್ಕದಲ್ಲಿ ಒಂದು ನೀಲಿ ಕೆರೆ. 1901ರ ಜನಗಣತಿಯಲ್ಲಿ ನಗರ ಮತ್ತು ದಂಡು ಎರಡೂ ಸೇರಿ ಸುಮಾರು 1.6 ಲಕ್ಷ ಜನ. 1951ರ ಹೊತ್ತಿಗೆ ಅದು ಸುಮಾರು 7.8 ಲಕ್ಷವಾಯಿತು.

ನಡುವೆ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲ ಬಂದುಹೋಯಿತು. 1926ರಿಂದ 1941ರವರೆಗೆ ಅವರು ಮೈಸೂರಿನ ದಿವಾನರು. ಊರು ಬೆಳೆಯುವಾಗ ಅಂದ, ಉದ್ಯಾನ, ಅಗಲ ರಸ್ತೆ ಇವೂ ಬೇಕೆಂದು ಹಟ ಹಿಡಿದವರು ಅವರು. ಬೆಳಗ್ಗೆ ಕುದುರೆಯೇರಿ ಬೀದಿಗಳನ್ನು ಸ್ವತಃ ಪರಿಶೀಲಿಸುತ್ತಿದ್ದ ಅವರ ರೂಢಿಯನ್ನು ಹಿರಿಯರು ಈಗಲೂ ಹೇಳುತ್ತಾರೆ.

1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, ನಂತರ ಎಚ್‌ಎಂಟಿ, ಬಿಇಎಲ್ ಬಂದವು. ಕಾರ್ಖಾನೆಯ ಸುತ್ತ ಕಾರ್ಮಿಕರ ವಸತಿ ಬೆಳೆಯಿತು. ಜಯನಗರ, ರಾಜಾಜಿನಗರಗಳು ಸ್ವಾತಂತ್ರ್ಯದ ಬೆನ್ನಿಗೇ ಮೊಳಕೆಯೊಡೆದವು. ಮೊದಲು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರಿಂದ ಬಿಡಿಎ ಬಡಾವಣೆಗಳನ್ನು ಮಾಡುತ್ತ ಬಂದವು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. 1981ಕ್ಕೆ ಜನಸಂಖ್ಯೆ ಸುಮಾರು 29 ಲಕ್ಷ. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ರಚನೆಯಾದಾಗ ನಗರದ ವಿಸ್ತೀರ್ಣ ಸುಮಾರು 226 ಚದರ ಕಿಲೋಮೀಟರಿನಿಂದ 700 ದಾಟಿತು. ಮರುವರ್ಷ ಟಿಪ್ಪು ಸುಲ್ತಾನರ ಜನ್ಮಸ್ಥಳ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆಯಿತು. 2011ರ ಜನಗಣತಿಯಲ್ಲಿ ನಗರದ ಜನ 84 ಲಕ್ಷ ದಾಟಿದರು.

ಹಳ್ಳಿಗಳು ಎಲ್ಲಿ ಹೋದವು? ಹೆಸರುಗಳಲ್ಲಿ ಅಡಗಿ ಕುಳಿತಿವೆ. ಬಿಟಿಎಂ ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳು ಮೂರು ಅಕ್ಷರಗಳಾದವು. ಬಿನ್ನಮಂಗಲದ ನೆಲ ಇಂದಿರಾನಗರವಾಯಿತು. ಹಳ್ಳಿಯ ರೈತನಿಗೆ ಪರಿಹಾರದ ಹಣ ಸಿಕ್ಕಿತು, ಆದರೆ ಗೋಮಾಳ, ಗುಂಡುತೋಪು, ಕೆರೆಯಂಗಳ ಮುಂತಾದ ಎಲ್ಲರ ಸ್ವತ್ತಿಗೆ ವಾರಸುದಾರರೇ ಇರಲಿಲ್ಲ. ಮೊದಲು ಕಾಣೆಯಾದದ್ದು ಅವೇ.

ಊರ ಅಂಚಿನ ಸಾಕ್ಷಿ

ಈದ್ ನಮಾಝನ್ನು ಪ್ರವಾದಿ ಮುಹಮ್ಮದ್(ಸ) ಮದೀನಾದ ಹೊರಬಯಲಿನ ಮುಸಲ್ಲಾಕ್ಕೆ ಹೋಗಿ ನಿರ್ವಹಿಸುತ್ತಿದ್ದರು. ಆ ಸುನ್ನತ್ತನ್ನು ಪಾಲಿಸಿದ ನಮ್ಮ ಹಿರಿಯರು ಈದ್ಗಾಹ್‌ಗಳನ್ನು ಊರಾಚೆ ಕಟ್ಟಿದರು. ಖಬರಸ್ತಾನಗಳೂ ಊರ ಹೊರಗೇ ಇದ್ದವು. ಹೀಗಾಗಿ ಹಳೆಯ ನಕ್ಷೆಯಲ್ಲಿ ಈದ್ಗಾಹ್ ಮತ್ತು ಗೋರಿಗಳ ಗುರುತು ಎಲ್ಲಿದೆಯೋ, ಅಂದಿನ ಊರಿನ ಅಂಚು ಅದರ ಸಮೀಪದಲ್ಲೇ ಇತ್ತೆಂದು ತಿಳಿಯಬಹುದು. ಮರದ ಕಾಂಡದ ಉಂಗುರಗಳು ಮರದ ವಯಸ್ಸು ಹೇಳುವಂತೆ, ಈದ್ಗಾಹ್‌ಗಳು ನಗರದ ವಯಸ್ಸು ಹೇಳುತ್ತವೆ.

ಇಂದು ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾಹ್ ವಾಹನ ದಟ್ಟಣೆಯ ನಡುವೆ ಇದೆ. ಚಾಮರಾಜಪೇಟೆಯ ಈದ್ಗಾಹ್ ಮೈದಾನವೂ ನಗರದ ಒಡಲಲ್ಲೇ ಇದೆ. ಮೈಸೂರು ರಸ್ತೆಯ ಪಕ್ಕದ ಗೋರಿಪಾಳ್ಯದ ಹೆಸರಿನಲ್ಲೇ ಗೋರಿ ಇದೆ. ಪಾಳ್ಯ ಎಂದರೆ ಊರ ಹೊರಗಿನ ಪುಟ್ಟ ವಸತಿ. ಹೆಸರಿನ ಈ ಎರಡು ಭಾಗಗಳೂ ಆ ಜಾಗ ಒಮ್ಮೆ ಊರಿನ ಅಂಚಾಗಿತ್ತೆಂದು ಹೇಳುತ್ತವೆ. ಈದ್ಗಾಹ್ ತಾನಿದ್ದಲ್ಲೇ ಇತ್ತು. ಊರೇ ಬೆಳೆದು ಬಂದು ಅದನ್ನು ಸುತ್ತಿಕೊಂಡಿತು.

ಊರು ಹೀಗೆ ಬಂದು ಸುತ್ತಿಕೊಂಡಾಗ ನೆಲದ ಬೆಲೆ ಏರುತ್ತದೆ. ವರ್ಷಕ್ಕೆ ಎರಡು ಸಲ ನಮಾಝ್ ನಡೆಯುವ ಬಯಲು, ಮುಳ್ಳುಗಿಡ ಬೆಳೆದ ಹಳೆಯ ಖಬರಸ್ತಾನ ಇವು ಖಾಲಿ ಜಾಗದಂತೆ ಕಾಣತೊಡಗುತ್ತವೆ. ಆಗ ಈ ನೆಲ ಯಾರದು, ಎಷ್ಟು, ಯಾವಾಗಿನಿಂದ ಎಂಬ ಪ್ರಶ್ನೆಗಳು ಏಳುತ್ತವೆ.

ನೀಲಿ ಬಣ್ಣ ಮಾಸಿದ ಬಗೆ

ಹೊಸ ಹಾಳೆಯನ್ನು ಹಳೆಯದರ ಪಕ್ಕದಲ್ಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕಡಿಮೆಯಾದ ನೀಲಿ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ದಿಬ್ಬದ ಮೇಲೆ ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಹರಿಯುತ್ತದೆ. ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ ಸೇರಿದರೆ, ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ನಮ್ಮ ಹಿರಿಯರು ಕಣಿವೆಗಳ ಉದ್ದಕ್ಕೂ ಸರಪಳಿಯಂತೆ ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತಲು ನೀರುಗಂಟಿ ಇದ್ದನು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಲೆಕ್ಕವಿತ್ತು. ಸಮೋನ್ನತ ರೇಖೆಗಳನ್ನು ಬೆರಳಿನಿಂದ ಹಿಂಬಾಲಿಸಿದರೆ ಈ ಸರಪಳಿ ಇಂದಿಗೂ ಕೈಗೆ ಸಿಗುತ್ತದೆ.

1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬರತೊಡಗಿದಂತೆ ಊರೊಳಗಿನ ಕೆರೆ ಬೇಡವಾಯಿತು. ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗೆ ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಕಟ್ಟಲಾಯಿತು. ಕೆರೆಗಳ ಸ್ಥಿತಿ ನೋಡಲು ಸರಕಾರ 1985ರಲ್ಲಿ ಲಕ್ಷ್ಮಣ ರಾವ್ ಸಮಿತಿಯನ್ನು ನೇಮಿಸಿತು. ಅಷ್ಟರಲ್ಲಿ ಹಲವು ಕೆರೆಗಳು ನಕ್ಷೆಯಲ್ಲಿ ಮಾತ್ರ ಉಳಿದಿದ್ದವು.

ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಳೆ ಸುರಿದಾಗ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರುಗಳಲ್ಲಿ ಕುಳಿತು ಜನ ಕಚೇರಿಗೆ ಹೋದರು. ಹಳೆಯ ಹಾಳೆಯ ಮೇಲೆ ಬೆರಳಿಟ್ಟು ನೋಡಿದರೆ ಅದು ಕಣಿವೆಯ ತಗ್ಗು, ರಾಜಕಾಲುವೆಗಳು ಬಂದು ಕೂಡುವ ಜಾಗ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿಸಿದ ಧರ್ಮ ನಮ್ಮದು. ರೂಮಾ ಬಾವಿಯನ್ನು ಹಣ ಕೊಟ್ಟು ಖರೀದಿಸಿ ಎಲ್ಲರಿಗೆ ಬಿಟ್ಟುಕೊಟ್ಟ ಉಸ್ಮಾನ್(ರ)ರ ಮಾದರಿ ನಮ್ಮ ಮುಂದಿದೆ. ಕೆರೆಯಂಗಳದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಸೈಟು ಕೊಳ್ಳುವ ಮುನ್ನ, ರಾಜಕಾಲುವೆಯ ಮೇಲೆ ಸ್ಲ್ಯಾಬ್ ಹಾಕಿ ಮನೆ ವಿಸ್ತರಿಸುವ ಮುನ್ನ, ಆ ನೀರು ನಾಳೆ ಯಾರ ಮನೆಗೆ ನುಗ್ಗುತ್ತದೆಂದು ಯೋಚಿಸುವುದು ನೆರೆಯವನ ಹಕ್ಕಿನ ಭಾಗವೇ ಆಗಿದೆ. ಹಳೆಯ ನಕ್ಷೆ ನೋಡಿ ಮನೆ ಕೊಳ್ಳುವುದು ಇಂದು ಜಾಣತನ ಮಾತ್ರವಲ್ಲ, ತಖ್ವಾದ ಅಂಗವೂ ಹೌದು.

ನಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಖೈಬರಿನಲ್ಲಿ ತಮಗೆ ದೊರೆತ ಉತ್ತಮ ಭೂಮಿಯನ್ನು ಏನು ಮಾಡಲೆಂದು ಉಮರ್(ರ) ಪ್ರವಾದಿ(ಸ)ರಲ್ಲಿ ಕೇಳಿದಾಗ, ಮೂಲವನ್ನು ಹಾಗೆಯೇ ಉಳಿಸಿ ಫಲವನ್ನು ದಾನ ಮಾಡುವ ದಾರಿ ಅವರಿಗೆ ಸಿಕ್ಕಿತು. ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸಿಗೆ ಹಂಚುವಂತಿಲ್ಲ. ವಕ್ಫಿನ ತಳಹದಿ ಇದು. ನಮ್ಮ ಹಿರಿಯರು ಹಾಗೆ ಬಿಟ್ಟುಹೋದ ನೆಲಗಳಲ್ಲಿ ಎಷ್ಟೋ ಇಂದು ದಾಖಲೆಗಳ ಕೊರತೆಯಿಂದ ಬಳಲುತ್ತಿವೆ. ಇಂತಹ ಕಡೆ ಹಳೆಯ ಸ್ಥಳಾಕೃತಿ ನಕ್ಷೆ ಬೆಲೆಯುಳ್ಳ ಸಾಕ್ಷಿ. ಸರಕಾರದ ಅಧಿಕಾರದಿಂದ ತಯಾರಾದ ನಕ್ಷೆಗಳಿಗೆ ಸಾಕ್ಷ್ಯ ಕಾನೂನಿನಲ್ಲಿ ಮಾನ್ಯತೆ ಇದೆ. ಇಂತಿಂಥ ವರ್ಷ ಇಲ್ಲಿ ಗೋರಿಗಳಿದ್ದವು, ಇಲ್ಲಿ ಈದ್ಗಾಹ್ ಇತ್ತು ಎಂದು ಯಾವ ಪಕ್ಷಕ್ಕೂ ಸೇರದ ಸರ್ವೆಯವನೊಬ್ಬ ಬರೆದಿಟ್ಟ ಮಾತು ಅದು.

ಆದರೆ ಅದರ ಮಿತಿಯನ್ನೂ ಅರಿಯಬೇಕು. ಈ ನಕ್ಷೆ ಒಡೆತನವನ್ನು ಹೇಳುವುದಿಲ್ಲ. ಎಷ್ಟು ಎಕರೆ, ಎಷ್ಟು ಗುಂಟೆ ಎಂದೂ ಹೇಳುವುದಿಲ್ಲ. ಒಂದು ಮೈಲಿಯನ್ನು ಒಂದು ಅಂಗುಲಕ್ಕೆ ಇಳಿಸಿದ ಹಾಳೆಯಲ್ಲಿ ಸಣ್ಣ ಖಬರಸ್ತಾನ ಕಾಣದೇ ಇರಬಹುದು. ಹಾಗೆಂದು ಅದು ಇರಲೇ ಇಲ್ಲ ಎಂದು ಅರ್ಥವಲ್ಲ. ಗಡಿ ಮತ್ತು ವಿಸ್ತೀರ್ಣಕ್ಕೆ ಬೇಕಾದುದು ಭೂಮಾಪನ ಇಲಾಖೆಯ ಗ್ರಾಮ ನಕ್ಷೆ, ಟಿಪ್ಪಣಿ, ಪಹಣಿ, ವಕ್ಫ್ ಗೆಜೆಟ್ ಪ್ರಕಟಣೆ. ಸ್ಥಳಾಕೃತಿ ನಕ್ಷೆ ಇವುಗಳ ಜೊತೆ ನಿಲ್ಲುವ ಸಾಕ್ಷಿಯೇ ಹೊರತು ಇವುಗಳ ಬದಲಿಗೆ ನಿಲ್ಲುವ ಸಾಕ್ಷಿಯಲ್ಲ.

ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗುತ್ತದೆ. ವಕ್ಫ್ ಭೂಮಿ ಕಳೆದುಹೋದ ಎಲ್ಲ ಕಡೆಯೂ ಕಳೆದವರು ಹೊರಗಿನವರಲ್ಲ. ಹಲವೆಡೆ ಪುಡಿಗಾಸಿನ ಬಾಡಿಗೆಗೆ ಬರೆದುಕೊಟ್ಟವರು, ಖಬರಸ್ತಾನದ ಗೋಡೆಗೆ ಅಂಗಡಿ ಅಂಟಿಸಿದವರು, ದಾಖಲೆಯನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಮಕ್ಕಳಿಗೂ ಹೇಳದೆ ಹೋದವರು ಸಮುದಾಯದೊಳಗಿನವರೇ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳಲಿದೆ ಎಂಬ ಪ್ರವಾದಿ(ಸ)ರ ಎಚ್ಚರಿಕೆಯಲ್ಲಿ ಮುತವಲ್ಲಿಗೆ ವಿನಾಯಿತಿ ಇಲ್ಲ.

ಅದೇ ಹಾಳೆಯ ಅದೇ ಸಾಲಿನಲ್ಲಿ ದೇವಸ್ಥಾನ, ಚರ್ಚುಗಳ ಗುರುತುಗಳೂ ಇವೆ ಎಂಬುದನ್ನೂ ಮರೆಯಬಾರದು. ಕಾಣೆಯಾದ ಕೆರೆ, ಗೋಮಾಳ, ತೋಪುಗಳು ಎಲ್ಲ ಸಮುದಾಯದವರ ಸ್ವತ್ತಾಗಿದ್ದವು. ದಲಿತ ಕೇರಿಗಳ ಸ್ಮಶಾನಗಳೂ ಬಡಾವಣೆಗಳ ಅಡಿಯಲ್ಲಿ ಹೋಗಿವೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬೆಂಗಳೂರು ಕರಗ ಬಂದು ನಿಂತು ಹೋಗುವ ಊರಿದು. ನಮ್ಮ ಖಬರಸ್ತಾನಕ್ಕಾಗಿ ನಕ್ಷೆ ಬಿಚ್ಚುವವರು ನೆರೆಯವರ ಸ್ಮಶಾನಕ್ಕಾಗಿಯೂ ಅದನ್ನು ಬಿಚ್ಚಬೇಕು. ನಕ್ಷೆ ನಮ್ಮ ಹಕ್ಕನ್ನು ಎಷ್ಟು ತೋರಿಸುತ್ತದೋ ಅಷ್ಟಕ್ಕೆ ಒಪ್ಪಬೇಕು, ಅದರಾಚೆಯದು ನಮ್ಮದಲ್ಲ ಎಂದು ತೋರಿಸಿದರೆ ಬಿಟ್ಟುಕೊಡಬೇಕು. ನ್ಯಾಯವು ನಮ್ಮ ವಿರುದ್ಧವೇ ಆಗಿದ್ದರೂ ಅದರ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಕುರ್‌ಆನಿನ ಬೋಧನೆ.

ಪ್ರತಿ ಜಮಾಅತ್ ಮಾಡಬಹುದಾದ ಕೆಲಸ

ದೊಡ್ಡ ನಗರದವರು ಮಾತ್ರವಲ್ಲ, ಯಾವ ಊರಿನ ಜಮಾಅತ್ ಆದರೂ ಈ ಕೆಲಸ ಮಾಡಬಹುದು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆಂದೇ ನಕ್ಷೆಗಳ ಸರಣಿ ಬಂದಿದೆ. 2021ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. 1:50,000 ಪ್ರಮಾಣದ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ಜಾಲತಾಣದಿಂದ ಪಡೆಯಬಹುದು. 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷಾ ವಿಭಾಗ ನಮ್ಮ ದೇಶದ ಬಗ್ಗೆ ತಯಾರಿಸಿದ 1:2,50,000 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ನೋಡಸಿಗುತ್ತವೆ. ಕರ್ನಾಟಕದ ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ತಾಣದಲ್ಲಿವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ.

ಮದ್ರಸದ ದೊಡ್ಡ ಮಕ್ಕಳಿಗೆ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಇದನ್ನು ಕೆಲಸವಾಗಿ ಕೊಡಬಹುದು. ನಮ್ಮ ಮಸೀದಿ, ಈದ್ಗಾಹ್, ಖಬರಸ್ತಾನಗಳ ಸರ್ವೆ ನಂಬರ್ ಏನು? ಹಳೆಯ ಹಾಳೆಯಲ್ಲಿ ಅವು ಇವೆಯೇ? ಪಕ್ಕದಲ್ಲಿ ಕೆರೆ, ಕಾಲುವೆ, ಬಾವಿ ಇತ್ತೇ? ಈಗ ಅಲ್ಲೇನಿದೆ? ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಿ, ಗಡಿಯ ಮೇಲೆ ನಡೆದು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಫೋಟೊ, ನಕ್ಷೆಯ ಪ್ರತಿ, ಹೇಳಿಕೆ ಎಲ್ಲ ಸೇರಿಸಿ ಒಂದು ಕಡತ ಮಾಡಿ, ಒಂದು ಪ್ರತಿ ಮಸೀದಿಯಲ್ಲಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕು. ಕಾನೂನಿನ ತೊಡಕು ಬಂದ ಮೇಲೆ ಹುಡುಕಲು ಹೊರಟರೆ ಹಿರಿಯರು ಇರುವುದಿಲ್ಲ, ಗಡಿಕಲ್ಲು ಕೂಡ ಇರುವುದಿಲ್ಲ.

ಒಂದು ಶತಮಾನದ ಹಿಂದೆ ಬಿಸಿಲಿನಲ್ಲಿ ಸರಪಳಿ ಎಳೆಯುತ್ತ ಹೋದ ಹೆಸರಿಲ್ಲದ ಖಲಾಸಿಯೊಬ್ಬ ಬಯಲಿನ ಈದ್ಗಾಹ್ ಗೋಡೆಯ ಬಳಿ ನೆರಳಿಗೆ ನಿಂತಿರಬಹುದು. ಅವನ ದುಡಿಮೆಯಿಂದ ಹಾಳೆಯ ಮೇಲೆ ಮೂಡಿದ ಒಂದು ಪುಟ್ಟ ಗುರುತು ಇಂದು ನಮ್ಮ ಅಮಾನತ್ತನ್ನು ನೆನಪಿಸುತ್ತಿದೆ. ಮುಂದಿನ ಹಾಳೆ ಅಚ್ಚಾಗುವಾಗ ಆ ಗುರುತು ಅಲ್ಲೇ ಇರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ.

ಹಿರಿಯರು ಬಿಟ್ಟುಹೋದುದನ್ನು ಕಾಪಾಡುವ, ಪರರದನ್ನು ಮುಟ್ಟದಿರುವ, ನೆಲ-ನೀರಿನ ಹಕ್ಕನ್ನು ನೆರೆಯವರೊಂದಿಗೆ ನ್ಯಾಯವಾಗಿ ಹಂಚಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.